ಉಳಿದ ಎಪ್ಪತ್ತೆರಡು ಮಣಿಗಳು

ಜಪಮಾಲೆಯಲ್ಲಿ 108 ಮಣಿಗಳೇ ಏಕೆ ಎಂಬ ಪ್ರಶ್ನೆಗೆ ಹಿರಿಯರು ಹೇಳುವ ಉತ್ತರಗಳಲ್ಲಿ ಒಂದು ಹೀಗಿದೆ. ಕರ್ಮಾಸ್ರವಕ್ಕೆ ಜೀವವು ಆಧಾರವಾಗುವ ಬಗೆಗಳು 108. ಸಂರಂಭ, ಸಮಾರಂಭ, ಆರಂಭ ಎಂದು ಕ್ರಿಯೆಯ ಹಂತಗಳು ಮೂರು. ಮನ, ವಚನ, ಕಾಯ ಎಂದು ಯೋಗಗಳು ಮೂರು. ಕೃತ, ಕಾರಿತ, ಅನುಮತ ಎಂದು ಕರ್ತೃತ್ವದ ರೀತಿಗಳು ಮೂರು. ಕ್ರೋಧ, ಮಾನ, ಮಾಯಾ, ಲೋಭ ಎಂದು ಕಷಾಯಗಳು ನಾಲ್ಕು. ಇವನ್ನು ಗುಣಿಸಿದರೆ 108 ಆಗುತ್ತದೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವನ್ನು ಸ್ವಾಧ್ಯಾಯದಲ್ಲಿ ಓದಿದವರಿಗೆ ಈ ಲೆಕ್ಕ ಹೊಸದಲ್ಲ.

ಆದರೆ ಈ ಲೆಕ್ಕವನ್ನು ವ್ಯಾಪಾರಿಯ ಕಣ್ಣಿನಿಂದ ಮತ್ತೊಮ್ಮೆ ನೋಡಿದಾಗ ಒಂದು ಸಂಗತಿ ಎದ್ದುಕಾಣುತ್ತದೆ. ಈ 108ರಲ್ಲಿ ತನ್ನ ಕೈಯಾರೆ ಮಾಡಿದ್ದು 36 ಮಾತ್ರ. ಇತರರಿಂದ ಮಾಡಿಸಿದ್ದು 36. ಇತರರು ಮಾಡಿದ್ದನ್ನು ಒಪ್ಪಿಕೊಂಡದ್ದು ಇನ್ನೊಂದು 36. ಎಂದರೆ ಖಾತೆಯ ಮೂರರಲ್ಲಿ ಎರಡು ಪಾಲು, 72, ಸ್ವಂತ ಕೈ ಸೋಕದೆಯೇ ಬರೆಯಲ್ಪಡುತ್ತದೆ. ಇಂದಿನ ಗೃಹಸ್ಥನ ಬದುಕಾದರೋ ಬಹುತೇಕ ಮಾಡಿಸುವ ಬದುಕು. ಮನೆ ಕಟ್ಟಿಸುತ್ತಾನೆ, ಬಾವಿ ತೋಡಿಸುತ್ತಾನೆ, ಗೋದಾಮಿಗೆ ಔಷಧ ಹೊಡೆಸುತ್ತಾನೆ, ಗೋಡೆಗೆ ಬಣ್ಣ ಬಳಿಸುತ್ತಾನೆ. ಹಣ ಕೊಟ್ಟು, ಕೆಲಸ ಒಪ್ಪಿಸಿ, ಆ ಸ್ಥಳದಿಂದ ದೂರ ಹೋದವನ ಹೊಣೆ ಅಲ್ಲಿಗೆ ಮುಗಿಯುತ್ತದೆಯೇ? ಈ ಪ್ರಶ್ನೆಯನ್ನು ವಿಚಾರಿಸಲು ಜೈನ ಸಮಾಜದಿಂದ ಬಹು ದೂರದ ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಅಪರಿಚಿತರ ಬದುಕಿನಲ್ಲಿ ದೋಷವನ್ನು ಗುರುತಿಸುವುದು ಸುಲಭ. ಹಾಗೆ ಗುರುತಿಸಿದ ಮೇಲೆ ಅದೇ ದೋಷವನ್ನು ಸ್ವಗೃಹದಲ್ಲಿ ಅಲ್ಲಗಳೆಯುವುದು ಕಠಿಣ.

ದಡವೇರಿದ ಮನೆ

ಪಾಶ್ಚಾತ್ಯ ದೇಶಗಳಲ್ಲಿ ನಿವೃತ್ತಿಯ ನಂತರ ಮನೆಮಠಗಳನ್ನು ಮಾರಿ, ಮೂವತ್ತು ನಲವತ್ತು ಅಡಿಯ ಹಾಯಿದೋಣಿಯನ್ನೇ ಮನೆ ಮಾಡಿಕೊಂಡು ಸಮುದ್ರ ಸಂಚಾರ ಮಾಡುವ ದಂಪತಿಗಳಿದ್ದಾರೆ. ಅವರಲ್ಲಿ ಅನೇಕರು ಕೆರಿಬಿಯನ್ ಸಮುದ್ರದ ದ್ವೀಪಗಳ ನಡುವೆ ತಿರುಗಾಡುತ್ತಾರೆ. ಜೂನ್‌ನಿಂದ ನವೆಂಬರ್‌ವರೆಗೆ ಅಲ್ಲಿ ಚಂಡಮಾರುತಗಳ ಕಾಲ. 2004ರ ಸೆಪ್ಟೆಂಬರ್‌ನಲ್ಲಿ ಐವಾನ್ ಎಂಬ ಚಂಡಮಾರುತವು ಗ್ರೆನಡಾ ದ್ವೀಪವನ್ನು ಅಪ್ಪಳಿಸಿದಾಗ ದಡದ ಮೇಲೆ ನಿಲ್ಲಿಸಿದ್ದ ದೋಣಿಗಳು ಕೂಡ ಒಂದರ ಮೇಲೊಂದು ಉರುಳಿದವು. ಆದ್ದರಿಂದ ಇನ್ನೂ ದಕ್ಷಿಣಕ್ಕೆ, ಚಂಡಮಾರುತಗಳ ಹಾದಿಗೆ ಸಾಮಾನ್ಯವಾಗಿ ಹೊರಗಿರುವ ಟ್ರಿನಿಡಾಡ್ ದ್ವೀಪಕ್ಕೆ ಬಹಳ ದೋಣಿಗಳು ಬರುತ್ತವೆ. ಆ ದ್ವೀಪದ ವಾಯವ್ಯ ಮೂಲೆಯಲ್ಲಿ ಶಾಗುವರಾಮಸ್ ಎಂಬ ಸ್ಥಳವಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಅಮೆರಿಕದ ನೌಕಾನೆಲೆಯಿತ್ತು. 1990ರ ದಶಕದಿಂದೀಚೆಗೆ ಅಲ್ಲಿ ದೋಣಿ ದುರಸ್ತಿಯ ಅಂಗಳಗಳು ಸಾಲುಸಾಲಾಗಿ ಬೆಳೆದವು.

ಅಲ್ಲಿಗೆ ಬಂದ ದೋಣಿಯನ್ನು ಗಾಲಿಗಳುಳ್ಳ ದೊಡ್ಡ ಎತ್ತುಯಂತ್ರವು ಎರಡು ಅಗಲವಾದ ಪಟ್ಟಿಗಳ ತೊಟ್ಟಿಲಿನಲ್ಲಿ ನೀರಿನಿಂದ ಮೇಲೆತ್ತಿ, ಅಂಗಳಕ್ಕೆ ತಂದು, ಕಬ್ಬಿಣದ ಊರುಗೋಲುಗಳ ಆಸರೆಯಲ್ಲಿ ನಿಲ್ಲಿಸುತ್ತದೆ. ತಳವನ್ನು ತೊಳೆದು, ಹಳೆಯ ಬಣ್ಣವನ್ನು ಉಜ್ಜಿ ತೆಗೆದು, ಬಿರುಕುಗಳನ್ನು ಮುಚ್ಚಿ, ಹೊಸ ಬಣ್ಣ ಬಳಿಯಬೇಕು. ಕೆಲವರು ಬೀಗದ ಕೈಯನ್ನು ಅಂಗಳದವರಿಗೆ ಒಪ್ಪಿಸಿ ವಿಮಾನದಲ್ಲಿ ಸ್ವದೇಶಕ್ಕೆ ಹೋಗುತ್ತಾರೆ. ಕೆಲವು ತಿಂಗಳ ಅನಂತರ ಬಂದು ಹೊಳೆಯುವ ದೋಣಿಯನ್ನು ನೋಡಿ ಸಂತೋಷಪಡುತ್ತಾರೆ. ಇನ್ನು ಕೆಲವರು ಮಿತವ್ಯಯದ ಕಾರಣದಿಂದಲೋ, ಬೇರೆ ಮನೆಯೇ ಇಲ್ಲದ ಕಾರಣದಿಂದಲೋ, ಕೆಲಸ ನಡೆಯುತ್ತಿರುವ ದೋಣಿಯಲ್ಲಿಯೇ ವಾಸಿಸುತ್ತಾರೆ.

ಆ ವಾಸ ಸುಖದ್ದಲ್ಲ. ಮನೆಯ ಹೊಸ್ತಿಲು ನೆಲದಿಂದ ಹತ್ತು ಹನ್ನೆರಡು ಅಡಿ ಮೇಲಿರುತ್ತದೆ. ಪ್ರತಿಯೊಂದು ಕೊಡ ನೀರನ್ನೂ ಏಣಿ ಹತ್ತಿ ಒಯ್ಯಬೇಕು. ಸಮುದ್ರದ ನೀರನ್ನು ಬಳಸಿ ಕೆಲಸ ಮಾಡುವ ಶೌಚಾಲಯ ಒಣನೆಲದ ಮೇಲೆ ನಿರುಪಯೋಗಿ. ಅಪರಾತ್ರಿಯಲ್ಲಿಯೂ ಏಣಿ ಇಳಿದು ಅಂಗಳದ ಸ್ನಾನಗೃಹಕ್ಕೆ ನಡೆಯಬೇಕು. ಟ್ರಿನಿಡಾಡ್‌ನಲ್ಲಿ ಜೂನ್‌ನಿಂದ ಡಿಸೆಂಬರ್‌ವರೆಗೆ ಮಳೆಗಾಲ. ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಮಳೆ. ಬಳಿದ ಬಣ್ಣ ಒಣಗುವ ಮೊದಲೇ ಹನಿ ಬಿದ್ದರೆ ಅದನ್ನು ಉಜ್ಜಿ ಮತ್ತೆ ಬಳಿಯಬೇಕು. ಎರಡು ವಾರವೆಂದು ಹೇಳಿದ ಕೆಲಸ ಎರಡು ತಿಂಗಳಾಗುವುದು ಅಪರೂಪವಲ್ಲ. ಕಿಟಕಿ ತೆರೆದರೆ ಧೂಳು, ಮುಚ್ಚಿದರೆ ಸೆಕೆ. ಪಾತ್ರೆಯ ಮೇಲೆ, ಹಾಸಿಗೆಯ ಮೇಲೆ, ಅನ್ನದ ಮೇಲೆ ಬಣ್ಣದ ಪುಡಿ.

ಈ ವಾಸದಲ್ಲಿ ಒಂದು ಸಣ್ಣ ನಿಯಮವಿದೆ. ದೋಣಿಯ ಅಡಿಗೆಮನೆಯ ತೊಟ್ಟಿಯಿಂದ ನೀರು ನೇರವಾಗಿ ದೋಣಿಯ ಪಕ್ಕದ ರಂಧ್ರದ ಮೂಲಕ ಹೊರಬೀಳುತ್ತದೆ. ಸಮುದ್ರದಲ್ಲಿದ್ದಾಗ ಆ ನೀರು ಎಲ್ಲಿಗೆ ಹೋಯಿತೆಂದು ಯಾರೂ ಯೋಚಿಸುವುದಿಲ್ಲ. ಅಂಗಳದಲ್ಲಿ ಅದು ಕೆಳಗೆ ನಿಂತು ಉಜ್ಜುತ್ತಿರುವ ಕೆಲಸಗಾರನ ತಲೆಯ ಮೇಲೆ ಬೀಳುತ್ತದೆ. ಆದ್ದರಿಂದ ಪಾತ್ರೆ ತೊಳೆದ ನೀರನ್ನು ಬಕೆಟ್ಟಿನಲ್ಲಿ ಹಿಡಿದು, ಏಣಿಯಿಂದ ಕೆಳಗೆ ತಂದು, ಸರಿಯಾದ ಕಡೆ ಚೆಲ್ಲಬೇಕು. ಮೇಲಿನವನ ಮನೆಯಿಂದ ಬಿದ್ದದ್ದು ಕೆಳಗಿನವನ ತಲೆಗೆ ಹೋಗುತ್ತದೆಂಬುದನ್ನು ಅಲ್ಲಿ ಯಾರೂ ಉಪದೇಶಿಸಬೇಕಾಗಿಲ್ಲ, ಕಣ್ಣಿಗೆ ಕಾಣುತ್ತದೆ. ಕಾಣುವುದರಿಂದಲೇ ಪಾಲಿಸುತ್ತಾರೆ.

ಬಣ್ಣದೊಳಗಿನ ವಿಷ

ದೋಣಿಯ ಮೇಲ್ಭಾಗದ ಬಣ್ಣ ಅಂದಕ್ಕೆ, ರಕ್ಷಣೆಗೆ. ನೀರಿನೊಳಗಿರುವ ತಳಭಾಗದ ಬಣ್ಣದ ಉದ್ದೇಶ ಬೇರೆ. ಸಮುದ್ರದಲ್ಲಿ ನಿಂತ ಯಾವ ವಸ್ತುವಿನ ಮೇಲೂ ಕೆಲವೇ ದಿನಗಳಲ್ಲಿ ಲೋಳೆ ಕಟ್ಟುತ್ತದೆ. ಅನಂತರ ಪಾಚಿ, ನಳಿಗೆಹುಳು, ಚಿಪ್ಪಿನ ಪ್ರಾಣಿಗಳು ನೆಲೆಸುತ್ತವೆ. ಇವುಗಳಲ್ಲಿ ಮುಖ್ಯವಾದದ್ದು ಬಾರ್ನಕಲ್. ನೋಡಲು ಸುಣ್ಣದ ಗುಬುಟಿನಂತಿದ್ದರೂ ಅದು ಸೀಗಡಿ, ಏಡಿಗಳ ಬಂಧು. ಚಾರ್ಲ್ಸ್ ಡಾರ್ವಿನ್ 1846ರಿಂದ 1854ರವರೆಗೆ ಎಂಟು ವರ್ಷಗಳನ್ನು ಈ ಒಂದು ಪ್ರಾಣಿವರ್ಗದ ಅಧ್ಯಯನಕ್ಕೆ ಕೊಟ್ಟನು. ಎಳೆಯ ಬಾರ್ನಕಲ್ ನೀರಿನಲ್ಲಿ ಈಜುತ್ತದೆ; ತನಗೆ ತಕ್ಕ ತಾಣವನ್ನು ಹುಡುಕಿ, ಮೇಲ್ಮೈಯನ್ನು ಸ್ಪರ್ಶಿಸಿ ಪರೀಕ್ಷಿಸಿ, ಒಪ್ಪಿಗೆಯಾದಲ್ಲಿ ತಲೆ ಕೆಳಗಾಗಿ ತನ್ನದೇ ಅಂಟಿನಿಂದ ಅಂಟಿಕೊಳ್ಳುತ್ತದೆ; ಸುತ್ತಲೂ ಚಿಪ್ಪು ಕಟ್ಟಿಕೊಂಡು, ಗರಿಯಂಥ ಕಾಲುಗಳಿಂದ ಆಹಾರವನ್ನು ಬಾಚಿಕೊಳ್ಳುತ್ತ ಉಳಿದ ಆಯುಷ್ಯವನ್ನೆಲ್ಲ ಅಲ್ಲಿಯೇ ಕಳೆಯುತ್ತದೆ. ಹುಡುಕುವ, ಪರೀಕ್ಷಿಸುವ, ನೆಲೆಗೊಳ್ಳುವ ಈ ಜೀವವು ತ್ರಸಜೀವವೆಂಬುದರಲ್ಲಿ ಸಂಶಯಕ್ಕೆ ಅವಕಾಶವಿಲ್ಲ.

ಇಂಥ ಜೀವಗಳು ನೆಲೆಸದಂತೆ ಮಾಡುವುದೇ ತಳದ ಬಣ್ಣದ ಕೆಲಸ. ಸಾಮಾನ್ಯವಾಗಿ ಅದರಲ್ಲಿ ತಾಮ್ರದ ಆಕ್ಸೈಡ್ ಇರುತ್ತದೆ. ಅದು ನೀರಿನಲ್ಲಿ ಸ್ವಲ್ಪಸ್ವಲ್ಪವಾಗಿ ಕರಗುತ್ತ, ಹತ್ತಿರ ಬಂದ ಎಳೆಯ ಜೀವಗಳಿಗೆ ವಿಷವಾಗುತ್ತದೆ. ಸೋರುವುದು ಇಲ್ಲಿ ಬಣ್ಣದ ದೋಷವಲ್ಲ, ಅದರ ಗುಣ. ಸೋರುವುದು ನಿಂತಾಗಲೇ ಬಣ್ಣ ಹಳೆಯದಾಯಿತೆಂದು ಮತ್ತೆ ದೋಣಿಯನ್ನು ಮೇಲೆತ್ತುತ್ತಾರೆ.

ಈ ವಿಷದ ಚರಿತ್ರೆಯಲ್ಲಿ ಒಂದು ಪಾಠವಿದೆ. ತಾಮ್ರಕ್ಕಿಂತ ಬಹಳ ಪ್ರಬಲವಾದ ಟ್ರೈಬ್ಯುಟೈಲ್ ಟಿನ್ ಎಂಬ ತವರದ ಸಂಯುಕ್ತವು 1960ರ ದಶಕದಿಂದ ಬಣ್ಣಗಳಲ್ಲಿ ಬಳಕೆಗೆ ಬಂದಿತು. ಬಳಸಿದವರಿಗೆ ಬಹಳ ತೃಪ್ತಿಯಾಯಿತು. ಆದರೆ ಫ್ರಾನ್ಸಿನ ಆರ್ಕಶೋನ್ ಕೊಲ್ಲಿಯಲ್ಲಿ ಸಿಂಪಿಗಳ ಚಿಪ್ಪು ವಿಕಾರವಾಗಿ ದಪ್ಪಗಾಗತೊಡಗಿತು; 1970ರ ದಶಕದ ಕೊನೆಯ ವೇಳೆಗೆ ಮರಿಗಳೇ ಉಳಿಯದಾದವು; ಸಿಂಪಿಗಾರರ ಜೀವನೋಪಾಯ ಕುಸಿಯಿತು. ಇತರ ತೀರಗಳಲ್ಲಿ ಹೆಣ್ಣು ಶಂಬುಕಗಳಿಗೆ ಗಂಡಿನ ಅಂಗಗಳು ಮೂಡಿ ಸಂತಾನ ನಿಂತುಹೋಗುತ್ತಿರುವುದು ಕಂಡುಬಂದಿತು. 1982ರಲ್ಲಿ ಫ್ರಾನ್ಸ್, 1987ರಲ್ಲಿ ಬ್ರಿಟನ್ ಸಣ್ಣ ದೋಣಿಗಳಿಗೆ ಈ ಬಣ್ಣವನ್ನು ನಿಷೇಧಿಸಿದವು. ಅಂತಾರಾಷ್ಟ್ರೀಯ ಸಾಗರಯಾನ ಸಂಸ್ಥೆಯ ಒಪ್ಪಂದವು 2001ರಲ್ಲಿ ಅಂಗೀಕೃತವಾಗಿ 2008ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದಿತು. ದೋಣಿಯ ಮಾಲೀಕರಲ್ಲಿ ಒಬ್ಬನೂ ಸಿಂಪಿಯನ್ನು ಕೊಲ್ಲಬೇಕೆಂದು ಬಯಸಿರಲಿಲ್ಲ. ಬಳಿದವರೂ ಬಯಸಿರಲಿಲ್ಲ. ಸಂಕಲ್ಪವಿಲ್ಲದೆಯೇ ಒಂದು ಕೊಲ್ಲಿಯ ಜೀವರಾಶಿ ಕ್ಷಯಿಸಿತು.

ಇಲ್ಲಿ ಶ್ರಾವಕಾಚಾರದ ಪರಿಭಾಷೆ ನೆರವಿಗೆ ಬರುತ್ತದೆ. ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ, ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಸರ್ವಥಾ ತ್ಯಜಿಸಬೇಕು, ಉಳಿದವನ್ನು ಯತ್ನಾಚಾರದಿಂದ ಕಡಿಮೆ ಮಾಡಬೇಕು ಎಂದು ವಿಧಿಸಲಾಗಿದೆ. ದೋಣಿಯ ತಳಕ್ಕೆ ವಿಷದ ಬಣ್ಣ ಬಳಿಸುವುದು ಯಾವ ವರ್ಗಕ್ಕೆ ಸೇರುತ್ತದೆ? ಮನೆಯನ್ನು ಕಾಪಾಡಿಕೊಳ್ಳುವ ಕೆಲಸವಾದ್ದರಿಂದ ಆರಂಭೀ ಎನ್ನಬಹುದು. ಆದರೆ ಮನೆಯ ನೆಲ ಗುಡಿಸುವಾಗ ಇರುವೆ ಸಾಯುವುದಕ್ಕೂ ಇದಕ್ಕೂ ಅಂತರವಿದೆ. ಗುಡಿಸುವವಳ ಉದ್ದೇಶ ಶುಚಿತ್ವ. ಇರುವೆಯ ಮರಣ ಅನುಷಂಗಿಕ. ವಿಷದ ಬಣ್ಣದಲ್ಲಿಯಾದರೋ ಜೀವವನ್ನು ಕೊಲ್ಲುವ ಅಥವಾ ಓಡಿಸುವ ಶಕ್ತಿಗಾಗಿಯೇ ಬೆಲೆ ಕೊಡಲಾಗುತ್ತದೆ. ಹೆಸರು ಆರಂಭೀ ಆದರೂ ಭಾವ ಸಂಕಲ್ಪೀ ಹಿಂಸೆಯ ಗಡಿಯನ್ನು ಮುಟ್ಟಿ ನಿಂತಿದೆ.

ಇನ್ನೊಂದು ನಯದಿಂದ

ಹಾಗಾದರೆ ಬಣ್ಣವನ್ನೇ ಬಳಿಯದಿರುವುದು ಅಹಿಂಸೆಯೇ? ಏಕಾಂತವಾಗಿ ಹಾಗೆನ್ನಲಾಗದು. ಬಳಿಯದ ದೋಣಿಯ ತಳದಲ್ಲಿ ನೆಲೆಸಿದ ಜೀವಗಳು ದೋಣಿಯೊಡನೆ ಸಾವಿರಾರು ಮೈಲಿ ಪ್ರಯಾಣ ಮಾಡಿ, ತಮಗೆ ಸಂಬಂಧವಿಲ್ಲದ ನೀರಿನಲ್ಲಿ ಇಳಿದು, ಅಲ್ಲಿಯ ಮೂಲಜೀವಗಳ ಆಹಾರವನ್ನೂ ಸ್ಥಳವನ್ನೂ ಆಕ್ರಮಿಸುತ್ತವೆ. 1999ರಲ್ಲಿ ಆಸ್ಟ್ರೇಲಿಯದ ಡಾರ್ವಿನ್ ನಗರದ ದೋಣಿತಂಗುದಾಣಗಳಲ್ಲಿ ಅಮೆರಿಕ ಖಂಡದ ಉಷ್ಣತೀರಗಳ ಒಂದು ಜಾತಿಯ ಕಪ್ಪುಪಟ್ಟೆಯ ಚಿಪ್ಪುಜೀವಿ ಕಾಣಿಸಿಕೊಂಡಿತು. ಅದು ತೀರದುದ್ದಕ್ಕೂ ಹರಡದಂತೆ ತಡೆಯಲು ಅಧಿಕಾರಿಗಳು ಮೂರು ತಂಗುದಾಣಗಳ ಬಾಗಿಲುಗಳನ್ನು ಮುಚ್ಚಿ, ನೀರಿಗೆ ಕ್ಲೋರಿನ್ ಮತ್ತು ಮೈಲುತುತ್ತವನ್ನು ಸುರಿದರು. ಆಕ್ರಮಣಕಾರಿ ಜೀವಿ ನಾಶವಾಯಿತು. ಅದರೊಡನೆ ಆ ನೀರಿನಲ್ಲಿದ್ದ ಉಳಿದ ಜೀವರಾಶಿಯೂ ಸತ್ತಿತು. ಒಂದು ದೋಣಿಯ ತಳದ ಉಪೇಕ್ಷೆಯಿಂದ ಮೂರು ಕೊಳಗಳ ಪ್ರಾಣಿಗಳು ಪ್ರಾಣ ತೆತ್ತವು. ನ್ಯೂಜಿಲೆಂಡ್ 2018ರ ಮೇ ತಿಂಗಳಿನಿಂದ ತಳ ಶುಚಿಯಾಗಿರುವ ನೌಕೆಗಳಿಗೆ ಮಾತ್ರ ಪ್ರವೇಶವೆಂದು ನಿಯಮ ಮಾಡಿರುವುದಕ್ಕೆ ಇಂಥ ಅನುಭವಗಳೇ ಹಿನ್ನೆಲೆ.

ಆದ್ದರಿಂದ ಬಳಿದರೂ ಹಾನಿ, ಬಳಿಯದಿದ್ದರೂ ಹಾನಿ. ಇಂಥ ಸ್ಥಿತಿಯಲ್ಲಿ ಅನೇಕಾಂತವಾದವನ್ನು ನೆಪವಾಗಿಸಿಕೊಂಡು, ‘ಎಲ್ಲದರಲ್ಲಿಯೂ ಹಿಂಸೆಯಿದೆ, ಹೆಚ್ಚು ವಿಚಾರಿಸಿ ಫಲವೇನು’ ಎನ್ನುವವರಿದ್ದಾರೆ. ಅದು ಅನೇಕಾಂತವಲ್ಲ, ಆಲಸ್ಯ. ಹಾನಿಗಳ ನಡುವೆ ಹೆಚ್ಚು ಕಡಿಮೆಗಳಿವೆ. ಹಳೆಯ ತವರದ ಬಣ್ಣಕ್ಕಿಂತ ತಾಮ್ರದ ಬಣ್ಣದ ಹಾನಿ ಕಡಿಮೆ. ವಿಷವನ್ನೇ ನೆಚ್ಚದೆ, ಮೇಲ್ಮೈಯನ್ನು ಜಾರುವಂತೆ ಮಾಡಿ ಜೀವಗಳು ಗಟ್ಟಿಯಾಗಿ ಅಂಟಿಕೊಳ್ಳದಂತೆ ನೋಡಿಕೊಳ್ಳುವ ಸಿಲಿಕೋನ್ ಲೇಪನಗಳೂ ಬಂದಿವೆ. ಬೆಲೆ ಹೆಚ್ಚು, ಬಳಿಯುವ ಶ್ರಮ ಹೆಚ್ಚು. ಮೊದಲ ಲೋಳೆ ಕಟ್ಟಿದಾಗಲೇ ಮೃದುವಾದ ಬಟ್ಟೆಯಿಂದ ಒರೆಸುತ್ತ ಬಂದರೆ ದೊಡ್ಡ ಜೀವಗಳು ನೆಲೆಸುವ ಪ್ರಸಂಗವೇ ಕಡಿಮೆಯಾಗುತ್ತದೆ. ಅದಕ್ಕೆ ಬೇಕಾದದ್ದು ಪ್ರತಿವಾರದ ಎಚ್ಚರ. ಹಾನಿಯನ್ನು ಕಡಿಮೆ ಮಾಡುವ ಈ ಮಾರ್ಗಗಳಲ್ಲಿ ಹೆಚ್ಚಿನವು ಹಣವನ್ನೋ ಶ್ರಮವನ್ನೋ ಎಚ್ಚರವನ್ನೋ ಬೇಡುತ್ತವೆ. ಅವನ್ನು ಕೊಡಲು ಮನಸ್ಸಿಲ್ಲದಿರುವುದಕ್ಕೆ ಲೋಭ ಮತ್ತು ಪ್ರಮಾದ ಎಂಬ ಹಳೆಯ ಹೆಸರುಗಳಿವೆ.

ಏಣಿಯ ಕೆಳಗಿನ ಮನುಷ್ಯ

ಇಲ್ಲಿಯವರೆಗೆ ನೀರಿನ ಜೀವಗಳ ಮಾತಾಯಿತು. ಪಂಚೇಂದ್ರಿಯ ಜೀವವೊಂದು ಏಣಿಯ ಬುಡದಲ್ಲಿಯೇ ನಿಂತಿದೆ.

ಹಳೆಯ ಬಣ್ಣವನ್ನು ಉಜ್ಜಿ ತೆಗೆಯುವುದು ಆ ಅಂಗಳದ ಅತ್ಯಂತ ಕಷ್ಟದ ಕೆಲಸ. ಒಣಗಿದ ಬಣ್ಣವನ್ನು ಯಂತ್ರದಿಂದ ಉಜ್ಜಿದಾಗ ಕೆಂಪು ಅಥವಾ ನೀಲಿ ಧೂಳು ಏಳುತ್ತದೆ. ಅದು ಬರಿಯ ಧೂಳಲ್ಲ, ತಾಮ್ರವೂ ಇತರ ವಿಷಗಳೂ ಬೆರೆತ ಪುಡಿ. ಕೆಲಸಗಾರನು ತಲೆಯ ಮೇಲೆ ಕೈಯೆತ್ತಿ ಉಜ್ಜುತ್ತಿರುವುದರಿಂದ ಅದು ಅವನ ಮುಖದ ಮೇಲೆಯೇ ಬೀಳುತ್ತದೆ. ಮೇಲ್ಭಾಗದ ಹೊಳಪಿನ ಬಣ್ಣದ ಕಥೆ ಇನ್ನೂ ಸೂಕ್ಷ್ಮ. ಕನ್ನಡಿಯಂತೆ ಹೊಳೆಯುವ, ವರ್ಷಗಟ್ಟಲೆ ಬಾಳುವ ಎರಡು ಭಾಗಗಳ ಪಾಲಿಯುರಿಥೇನ್ ಬಣ್ಣಗಳಲ್ಲಿ ಐಸೊಸೈಯನೇಟ್ ಎಂಬ ರಾಸಾಯನಿಕವಿದೆ. ಅದನ್ನು ತುಂತುರಾಗಿ ಸಿಂಪಡಿಸುವಾಗ ಉಸಿರಿನಲ್ಲಿ ಸೇರಿದರೆ ಅಸ್ತಮಾ ಬರಬಹುದು. ಒಮ್ಮೆ ಶರೀರ ಅದಕ್ಕೆ ಸಂವೇದನಶೀಲವಾದರೆ ಮುಂದೆ ಅತ್ಯಲ್ಪ ಪ್ರಮಾಣವೂ ಉಸಿರು ಕಟ್ಟಿಸಬಹುದು. ಆತನು ಆ ವೃತ್ತಿಯನ್ನೇ ಬಿಡಬೇಕಾಗುತ್ತದೆ. ಸಾಮಾನ್ಯ ಬಟ್ಟೆಯ ಅಥವಾ ಕಾಗದದ ಮುಖಕವಚ ಇದನ್ನು ತಡೆಯದು. ಹೊರಗಿನಿಂದ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ಒದಗಿಸುವ ಮುಖವಾಡ ಬೇಕು. ಇವೆಲ್ಲವನ್ನೂ ಒದಗಿಸುವ ಅಂಗಳಗಳಿವೆ. ಒದಗಿಸದ ಅಂಗಳಗಳೂ ಇವೆ. ಒದಗಿಸದ ಅಂಗಳದ ದರ ಸಹಜವಾಗಿಯೇ ಕಡಿಮೆ. ಆ ಕಡಿಮೆ ದರವನ್ನು ಅರಸಿಯೇ ಕೆಲವು ದೋಣಿಗಳು ಸ್ವದೇಶವನ್ನು ಬಿಟ್ಟು ಪರದೇಶದ ಅಂಗಳಕ್ಕೆ ಹೋಗುತ್ತವೆ.

ವ್ಯಾಪಾರಿಗೆ ಈ ಸಂಗತಿ ಅರ್ಥವಾಗುವುದು ಕಷ್ಟವಲ್ಲ. ಅಂಗಳದವರು ಕೊಡುವ ಅಂದಾಜುಪಟ್ಟಿಯಲ್ಲಿ ದೋಣಿಯನ್ನು ಎತ್ತುವ ಖರ್ಚು, ಸ್ಥಳದ ದಿನಬಾಡಿಗೆ, ಬಣ್ಣದ ಬೆಲೆ, ಕೂಲಿ ಎಂದು ಕಲಮುಗಳಿರುತ್ತವೆ. ಕೆಲಸಗಾರನ ಶ್ವಾಸಕೋಶಕ್ಕೆ ಒಂದು ಕಲಮು ಇರುವುದಿಲ್ಲ. ಖರ್ಚು ಇಲ್ಲದ್ದರಿಂದ ಕಲಮು ಇಲ್ಲವೆಂದಲ್ಲ. ಆ ಖರ್ಚನ್ನು ಮತ್ತೊಬ್ಬನ ಹೆಸರಿನಲ್ಲಿ ಬರೆಯಲಾಗಿದೆ. ಅವನು ಹತ್ತು ವರ್ಷಗಳ ಅನಂತರ ಅದನ್ನು ತೆರುತ್ತಾನೆ. ಜಮೆಯನ್ನು ತಾನಿಟ್ಟುಕೊಂಡು ಖರ್ಚನ್ನು ಅರಿಯದವನ ಖಾತೆಗೆ ಹಾಕುವುದನ್ನು ಅಂಗಡಿಯಲ್ಲಿ ಗುಮಾಸ್ತನು ಮಾಡಿದರೆ ಅದಕ್ಕೆ ವಂಚನೆಯೆನ್ನುತ್ತಾರೆ.

ಇಲ್ಲಿ ಮೂರು ಆಕ್ಷೇಪಗಳು ಏಳುತ್ತವೆ.

ಮೊದಲನೆಯದು, ‘ಕೆಲಸಗಾರನು ಒಪ್ಪಿಯೇ ಬಂದಿದ್ದಾನೆ, ಬಲಾತ್ಕಾರವಿಲ್ಲ’ ಎಂಬುದು. ಒಪ್ಪಿಗೆಗೆ ಬೆಲೆಯಿದೆ, ನಿಜ. ಆದರೆ ಅಪಾಯವನ್ನು ಅರಿಯದವನ ಒಪ್ಪಿಗೆ ಅರ್ಧ ಒಪ್ಪಿಗೆ. ಸಂಜೆಯ ಊಟಕ್ಕೆ ಬೇರೆ ದಾರಿಯಿಲ್ಲದವನ ಒಪ್ಪಿಗೆ ಇನ್ನೂ ಕಡಿಮೆ. ಅಲ್ಲದೆ ಕಾರಿತ ದೋಷವು ಮಾಡುವವನ ಒಪ್ಪಿಗೆಯಿಂದ ಅಳಿಯುತ್ತದೆಂದು ಎಲ್ಲಿಯೂ ಹೇಳಿಲ್ಲ. ಮಾಡುವವನು ಒಪ್ಪದೆ ಮಾಡಿಸುವುದು ಸಾಧ್ಯವೇ ಇಲ್ಲವಲ್ಲ! ಒಪ್ಪಿಗೆಯೇ ವಿನಾಯಿತಿಯಾದರೆ ಆ 36 ಬಗೆಗಳನ್ನು ಎಣಿಸಬೇಕಾಗಿಯೇ ಇರಲಿಲ್ಲ.

ಎರಡನೆಯದು, ‘ಆ ದೇಶದ ಕಾನೂನು ಇದಕ್ಕೆ ಅವಕಾಶ ಕೊಟ್ಟಿದೆ’ ಎಂಬುದು. ಕಾನೂನು ಎಲ್ಲರೂ ಪಾಲಿಸಲೇಬೇಕಾದ ಕನಿಷ್ಠ ಮರ್ಯಾದೆ. ವ್ರತವು ಒಬ್ಬನು ಸ್ವಯಂ ಹಾಕಿಕೊಳ್ಳುವ ಉನ್ನತ ಮರ್ಯಾದೆ. ರಾತ್ರಿ ಭೋಜನವನ್ನು ಯಾವ ಕಾನೂನೂ ನಿಷೇಧಿಸಿಲ್ಲ, ಶ್ರಾವಕನು ಬಿಡುತ್ತಾನೆ. ಆರ್ಕಶೋನ್ ಕೊಲ್ಲಿಯಲ್ಲಿ ಸಿಂಪಿಗಳು ಸಾಯುತ್ತಿದ್ದಾಗ ತವರದ ಬಣ್ಣವೂ ಕಾನೂನುಬದ್ಧವಾಗಿಯೇ ಇತ್ತು. ಹಾನಿ ಮೊದಲು ಆಗುತ್ತದೆ, ಕಾನೂನು ಹಿಂದಿನಿಂದ ಬರುತ್ತದೆ. ಆ ನಡುವಿನ ವರ್ಷಗಳಲ್ಲಿ ಜೀವಗಳಿಗೆ ವಿವೇಕಿಗಳ ಎಚ್ಚರವೊಂದೇ ರಕ್ಷೆ.

ಮೂರನೆಯ ಆಕ್ಷೇಪ ಸೂಕ್ಷ್ಮವಾದದ್ದು. ‘ದೋಣಿಯನ್ನು ಬಿಟ್ಟು ಊರಿಗೆ ಹೋದವನು ಏನನ್ನೂ ನೋಡಿಲ್ಲ, ಅವನಿಗೆ ದೋಷ ತಗಲದು; ಅಲ್ಲಿಯೇ ವಾಸಿಸಿ ನೋಡಿದವನಿಗೇ ಸಂಕಟ. ಹಾಗಾದರೆ ನೋಡದಿರುವುದೇ ಲೇಸಲ್ಲವೇ?’ ಎಂಬುದು. ಬಹಳ ಜನರ ಬದುಕು ಈ ಮಾತನ್ನು ಬಾಯಿಬಿಟ್ಟು ಹೇಳದೆಯೇ ಇದರ ಮೇಲೆ ನಿಂತಿದೆ. ಆದರೆ ಜೈನಾಚಾರ್ಯರು ಹಿಂಸೆಯ ಬೇರನ್ನು ಪ್ರಮಾದದಲ್ಲಿ ತೋರಿಸಿದ್ದಾರೆ. ನೋಡಿ ನಡೆಯುವವನ ಕಾಲಿಗೆ ಅಕಸ್ಮಾತ್ತಾಗಿ ಸಿಕ್ಕಿದ ಜೀವದ ವಿಷಯದಲ್ಲಿ ಅವನು ನಿರ್ದೋಷಿ. ನೋಡದೆ ನಡೆಯುವವನ ಕಾಲಿಗೆ ಒಂದು ಜೀವವೂ ಸಿಗದಿದ್ದರೂ ಅವನು ದೋಷಿ. ಈರ್ಯಾಸಮಿತಿಯ ಅರ್ಥವೇ ಇದು. ನೋಡಬಲ್ಲವನು ನೋಡದೆ ಉಳಿದರೆ ಅದು ಅಜ್ಞಾನವಲ್ಲ, ಹಣ ಕೊಟ್ಟು ಕೊಂಡುಕೊಂಡ ಪ್ರಮಾದ.

ಹಾಗೆಂದು ಅಲ್ಲಿಯೇ ವಾಸಿಸಿದವನೆಲ್ಲ ಉತ್ತಮನೆಂದೂ ಹೇಳುವಂತಿಲ್ಲ. ಏಣಿಯ ಮೇಲೆ ಕುಳಿತು ಧೂಳನ್ನು ಶಪಿಸುತ್ತ, ಕೆಲಸ ನಿಧಾನವೆಂದು ಗೊಣಗುತ್ತ, ಮಳೆ ಬರುವ ಮೊದಲು ಮುಗಿಸೆಂದು ಅವಸರಪಡಿಸುತ್ತ ಇದ್ದರೆ ಅವನು ನೋಡಿಯೂ ಒಪ್ಪಿಕೊಂಡವನು. ಕಾರಿತದೊಡನೆ ಅನುಮೋದನೆಯನ್ನೂ ಸೇರಿಸಿಕೊಂಡವನು. ಕಾಣುವುದು ಮೊದಲ ಹೆಜ್ಜೆ ಮಾತ್ರ. ಆದರೂ ಆ ಮೊದಲ ಹೆಜ್ಜೆಯಿಲ್ಲದೆ ಎರಡನೆಯದು ಇಲ್ಲ. ತನ್ನ ಅನ್ನದ ಮೇಲೆ ಬಿದ್ದ ಪುಡಿಯನ್ನು ಕಂಡು ‘ಇದು ಹೊಟ್ಟೆಗೆ ಹೋಗಬಾರದು’ ಎಂದು ತಟ್ಟೆಯನ್ನು ಸರಿಸಿದವನಿಗೆ, ಅದೇ ಪುಡಿ ದಿನವಿಡೀ ಕೆಳಗಿನವನ ಉಸಿರಿಗೆ ಹೋಗುತ್ತಿದೆ ಎಂಬ ವಿಚಾರ ಬರದಿದ್ದೀತೇ? ತನ್ನಂತೆಯೇ ಪರರು ಎಂಬ ಆತ್ಮೌಪಮ್ಯ ಅಲ್ಲಿ ತರ್ಕವಲ್ಲ, ಒಂದೇ ಧೂಳಿನ ಅನುಭವ.

ಆ ವಿಚಾರ ಬಂದವನಿಗೆ ಮಾಡಲು ಬೇಕಾದಷ್ಟಿದೆ. ಒಣಗಿಸಿ ಉಜ್ಜುವ ಬದಲು ನೀರು ಹಾಕಿ ಉಜ್ಜಿಸಬಹುದು. ಧೂಳನ್ನು ಹೀರಿಕೊಳ್ಳುವ ಯಂತ್ರವನ್ನು ಬಾಡಿಗೆಗೆ ತರಿಸಬಹುದು. ನೆಲಕ್ಕೆ ತಾಡಪಾಲು ಹಾಸಿ, ಬಿದ್ದ ಪುಡಿಯನ್ನೂ ಕೊಳೆನೀರನ್ನೂ ಸಮುದ್ರಕ್ಕೆ ಹೋಗದಂತೆ ಸಂಗ್ರಹಿಸಬಹುದು. ಸರಿಯಾದ ಮುಖವಾಡವನ್ನು ತಾನೇ ಕೊಂಡು ಕೊಡಬಹುದು. ಅದನ್ನು ಧರಿಸಿ ಕೆಲಸ ನಿಧಾನವಾದರೆ ಆ ವಿಳಂಬವನ್ನು ತನ್ನ ಖರ್ಚಿಗೆ ಬರೆದುಕೊಳ್ಳಬಹುದು. ಕನ್ನಡಿಯ ಹೊಳಪು ಬೇಡವೆಂದು ನಿರ್ಧರಿಸಿ, ಐಸೊಸೈಯನೇಟ್ ಇಲ್ಲದ ಸಾಧಾರಣ ಬಣ್ಣವನ್ನು ಕುಂಚದಿಂದ ಬಳಿಸಬಹುದು. ಈ ಕೊನೆಯದು ಭೋಗೋಪಭೋಗ ಪರಿಮಾಣ ವ್ರತದ ವಿಷಯವೇ ಆಗಿದೆ. ಹೊಳಪನ್ನು ಸ್ವಲ್ಪ ಕಡಿಮೆ ಮಾಡಿಕೊಂಡರೆ ಒಬ್ಬನ ಉಸಿರು ಉಳಿಯುತ್ತದೆಂದಾದರೆ ಆ ವ್ರತಕ್ಕೆ ಬೇರೆ ಸಮರ್ಥನೆ ಬೇಕೇ?

ಮನೆ ಮತ್ತು ಬಸದಿ

ದೂರದ ಅಂಗಳದಿಂದ ಈಗ ಹತ್ತಿರಕ್ಕೆ ಬರಬಹುದು. ಕರ್ನಾಟಕದ ಜೈನ ಗೃಹಸ್ಥರಲ್ಲಿ ದೋಣಿಯಲ್ಲಿ ವಾಸಿಸುವವರು ವಿರಳ. ಆದರೆ ಮನೆಗೆ ಬಣ್ಣ ಬಳಿಸದವರಿಲ್ಲ; ಬಸದಿಯ ಜೀರ್ಣೋದ್ಧಾರಕ್ಕೆ ಕೈಲಾದಷ್ಟು ಕೊಡದವರಿಲ್ಲ. ಮನೆಯ ಕೆಲಸ ಹಿಡಿದಾಗ ವಾಸನೆಗೂ ಧೂಳಿಗೂ ಅಂಜಿ ಮಕ್ಕಳೊಡನೆ ಬಂಧುಗಳ ಮನೆಗೋ ತೀರ್ಥಯಾತ್ರೆಗೋ ಹೋಗುವುದು ವಾಡಿಕೆ. ಮಕ್ಕಳಿಗೆ ಹಾನಿಯಾಗಬಾರದೆಂಬ ಎಚ್ಚರ ತಪ್ಪಲ್ಲ. ಆದರೆ ಆ ಹಾನಿ ಉಂಟೆಂದು ತಿಳಿದೇ ಊರು ಬಿಟ್ಟವನು, ಅದೇ ಕೋಣೆಯಲ್ಲಿ ಎಂಟು ಗಂಟೆ ನಿಲ್ಲುವವನ ವಿಷಯದಲ್ಲಿ ತನಗೆ ತಿಳಿದಿರಲಿಲ್ಲವೆಂದು ಹೇಳಲಾರನು.

ಬಸದಿಗಳ ವಿಷಯದಲ್ಲಿ ಟ್ರಸ್ಟುಗಳ ಹೊಣೆ ಇನ್ನೂ ಹೆಚ್ಚಿನದು. ಏಕೆಂದರೆ ಅಲ್ಲಿ ಮಾಡಿಸುವವರು ಅನೇಕರು, ಕೊಡುವ ದ್ರವ್ಯ ಸಮಾಜದ್ದು, ನಡೆಯುವ ಕೆಲಸ ಧರ್ಮದ ಹೆಸರಿನದು. ಕಲ್ಲನ್ನು ಆಮ್ಲದಿಂದ ತೊಳೆಯುವುದು, ಅಮೃತಶಿಲೆ ಗ್ರಾನೈಟುಗಳನ್ನು ಒಣಗಿದಂತೆಯೇ ಯಂತ್ರದಿಂದ ಕೊಯ್ದು ಹೊಳಪು ಕೊಡುವುದು, ಹಳೆಯ ಬಣ್ಣವನ್ನು ಕೆರೆಯುವುದು ಇವೆಲ್ಲ ಗುತ್ತಿಗೆದಾರನ ಆಳುಗಳ ಕೆಲಸ. ಗ್ರಾನೈಟಿನ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶದಲ್ಲಿ ಸೇರಿ ಗುಣವಾಗದ ರೋಗವನ್ನು ತರುತ್ತದೆ. ಭಾರತದಲ್ಲಿ ಗೃಹಬಳಕೆಯ ಮತ್ತು ಅಲಂಕಾರದ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗಗಳನ್ನು ಮೀರಬಾರದೆಂಬ ನಿಯಮ 2016ರಲ್ಲಿ ರಚಿತವಾಗಿ 2017ರ ನವೆಂಬರ್ 1ರಿಂದ ಜಾರಿಗೆ ಬಂದಿತು. ಅದಕ್ಕಿಂತ ಹಿಂದೆ ಬಳಿದ ಬಣ್ಣದ ಪದರಗಳು ಹಳೆಯ ಕಟ್ಟಡಗಳ ಬಾಗಿಲು ಕಿಟಕಿಗಳ ಮೇಲೆ ಇನ್ನೂ ಉಳಿದಿರಬಹುದು. ಅವನ್ನು ಒಣಗಿದಂತೆಯೇ ಕೆರೆದರೆ ಸೀಸದ ಪುಡಿ ಕೆಲಸಗಾರನಿಗೂ ಸುತ್ತಲಿನ ಮಕ್ಕಳಿಗೂ ತಗಲುತ್ತದೆ. ಕಡಿಮೆ ದರದ ಟೆಂಡರನ್ನು ಒಪ್ಪಿಕೊಂಡ ಸಭೆಯಲ್ಲಿ ಇದರ ಪ್ರಸ್ತಾಪ ಬಂದ ಉದಾಹರಣೆಗಳು ಎಷ್ಟಿರಬಹುದು ಎಂಬುದನ್ನು ಟ್ರಸ್ಟಿಗಳೇ ಸ್ಮರಿಸಿಕೊಳ್ಳಬೇಕು. ಆಯವ್ಯಯ ಪತ್ರಿಕೆಯಲ್ಲಿ ಉಳಿತಾಯವೆಂದು ತೋರಿಸಿದ ಮೊತ್ತದಲ್ಲಿ ಒಂದು ಪಾಲು ಮತ್ತೊಬ್ಬನ ಶರೀರದಿಂದ ಬಂದಿದ್ದರೆ ಅದು ದಾನದ್ರವ್ಯಕ್ಕೆ ಕಲಂಕವಲ್ಲವೇ?

ಮಾಡಬೇಕಾದದ್ದು ಅಸಾಧ್ಯವಾದದ್ದೇನಲ್ಲ. ಗುತ್ತಿಗೆಯ ಕರಾರಿನಲ್ಲಿ ಮುಖವಾಡ, ನೀರು ಹಾಕಿ ಉಜ್ಜುವುದು, ಧೂಳಿನ ಸಂಗ್ರಹ ಇವುಗಳಿಗೆ ಪ್ರತ್ಯೇಕವಾದ ಕಲಮು ಇರಿಸಿ, ಅದಕ್ಕೆ ಹಣವನ್ನೂ ಪ್ರತ್ಯೇಕವಾಗಿ ತೆಗೆದಿರಿಸಬೇಕು. ಗುತ್ತಿಗೆದಾರನು ಅದನ್ನು ಕಡಿತಗೊಳಿಸಲು ಆಸ್ಪದವಿರಬಾರದು. ಪ್ರತಿಷ್ಠೆಯ ಅಥವಾ ಉತ್ಸವದ ದಿನಾಂಕವನ್ನು ಮೊದಲೇ ಗೊತ್ತುಮಾಡಿ ಕೊನೆಯ ವಾರಗಳಲ್ಲಿ ಕೆಲಸಗಾರರನ್ನು ಹಗಲಿರುಳು ದುಡಿಸುವ ರೂಢಿಯನ್ನು ಬಿಡಬೇಕು. ಕೆಲಸ ನಡೆಯುವ ದಿನಗಳಲ್ಲಿ ಟ್ರಸ್ಟಿಗಳಲ್ಲೊಬ್ಬರು ಸರದಿಯಂತೆ ಅಲ್ಲಿ ಕುಳಿತಿರಬೇಕು. ಲೆಕ್ಕ ಬರೆಯಲು ಮಾತ್ರವಲ್ಲ, ಅದೇ ಗಾಳಿಯನ್ನು ಉಸಿರಾಡಲು. ತಮಗೆ ಸಹಿಸಲಾಗದಷ್ಟು ಧೂಳು ಇದ್ದರೆ ಕೆಲಸ ನಿಲ್ಲಿಸಿ ಕ್ರಮವನ್ನು ತಿದ್ದಬೇಕು. ದೋಣಿಯಲ್ಲಿ ಉಳಿದವರು ಬಾಡಿಗೆ ಉಳಿಸಲು ಉಳಿದರು. ಇಲ್ಲಿ ತಿಳಿದು ಉಳಿಯಬೇಕು.

ಕೆಲಸ ಮುಗಿದ ದೋಣಿಯನ್ನು ಮತ್ತೆ ಪಟ್ಟಿಗಳ ತೊಟ್ಟಿಲಿನಲ್ಲಿ ಎತ್ತಿ ನೀರಿಗೆ ಇಳಿಸುತ್ತಾರೆ. ಮೇಲಿನ ಹೊಳಪನ್ನು ದಡದಲ್ಲಿ ನಿಂತವರು ಮೆಚ್ಚುತ್ತಾರೆ. ವಿಷದ ಬಣ್ಣ ನೀರಿನ ರೇಖೆಯ ಕೆಳಗೆ ಮರೆಯಾಗುತ್ತದೆ. ಉಜ್ಜಿದವನು ಪಕ್ಕದ ದೋಣಿಯ ತಳಕ್ಕೆ ಹೋಗಿ ನಿಲ್ಲುತ್ತಾನೆ. ಸಂಜೆಯ ಪ್ರತಿಕ್ರಮಣದಲ್ಲಿ ಶ್ರಾವಕನು ಸಮಸ್ತ ಜೀವಗಳಲ್ಲಿ ಕ್ಷಮೆ ಬೇಡುತ್ತಾನೆ. ಆಗ ತನ್ನ ಕಾಲಿಗೆ ಸಿಕ್ಕಿದ ಇರುವೆಯ ನೆನಪು ಸಾಮಾನ್ಯವಾಗಿ ಬರುತ್ತದೆ. ಜಪಮಾಲೆಯ ಉಳಿದ ಎಪ್ಪತ್ತೆರಡು ಮಣಿಗಳು ಬೆರಳಿನಿಂದ ಸರಿಯುವಾಗ, ತನಗಾಗಿ ಆ ದಿನ ಧೂಳು ಕುಡಿದವನ ಮುಖವೂ ನೆನಪಾಗಬೇಕು. ನೆನಪಾಗಬೇಕಾದರೆ ಆ ಮುಖವನ್ನು ಒಮ್ಮೆಯಾದರೂ ನೋಡಿರಬೇಕು.